ಅತ್ತಿಮರದಹಳ್ಳಿಯ ವೀಳ್ಯ

ಹೊಸಕೊಪ್ಪಲು
ಗುರುವಾರ, ೧೪-೭-೧೯೬೦

ಚಿ. ಸೌ. ಪ್ರೇಮಕುಮಾರಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು, ಅದು ಪೂರ್ತಿ ನಿಜವಲ್ಲ ಅನ್ನಿಸಿ ಹೊಡೆದುಹಾಕಿದೆ. ಹಸು ಕ್ಷೇಮ. ಮನೆ ಕ್ಷೇಮ. ನನಗೆ ಮಾತ್ರ ಸೋಮವಾರದಿಂದ ಯಾರ ಮುಖ ಕಂಡರೂ ಸಿಟ್ಟು ಬರುತ್ತಿದೆ. ಕಾಗದವನ್ನು ನಿಮ್ಮೂರ ಹಟ್ಟಿಯ ಬೆಟ್ಟಮ್ಮನ ಕೈಲಿ ಕಳಿಸುತ್ತಿದ್ದೇನೆ. ಟಪಾಲಿಗೆ ಹಾಕಿದರೆ ನಿಮ್ಮ ಮಾವನವರು ಓದಿದ ಮೇಲೆ ನಿನ್ನ ಕೈಗೆ ಬರುತ್ತದೆ. ಓದಿ ಒಲೆಗೆ ಹಾಕು.

ನಿನ್ನ ಕಾಗದ ತಲುಪಿತು. ‘ಅವ್ವ, ಎಲ್ಲರ ಮುಂದೆ ಒಂದು ವೀಳ್ಯ ಕೊಡುವುದಕ್ಕೆ ಇಷ್ಟು ಹಟವೇ? ಎರಡು ಎಲೆ, ಒಂದು ಅಡಿಕೆ, ಅಷ್ಟೇ ತಾನೆ? ಅದಕ್ಕಾಗಿ ನನ್ನ ಬಾಣಂತನ ಬಿಟ್ಟೆಯಾ?’ ಎಂದು ಕೇಳಿದ್ದೀಯ. ಕೋಪದಲ್ಲಿ ಬರೆದಿದ್ದೀಯ, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಉತ್ತರ ಬರೆಯದಿದ್ದರೆ ನಾನು ತಾಯಿಯಲ್ಲ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿಂದ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ನಿನಗೆ ಬೇರೆ ಥರ ಹೇಳಿದ್ದಾರೆಂದು ನಿನ್ನ ಕಾಗದದಿಂದಲೇ ತಿಳಿಯಿತು.

ನಿಮ್ಮ ಅತ್ತಿಮರದಹಳ್ಳಿಯ ಪಂಚಾಯಿತಿಗೆ ಜನ ಓಟು ಹಾಕಿ ಒಂಬತ್ತು ಮೆಂಬರುಗಳನ್ನು ಆರಿಸಿದರು. ಅದರ ಬಗ್ಗೆ ಯಾರ ತಕರಾರೂ ಇಲ್ಲ. ನಿಮ್ಮ ಮಾವ ಪಟೇಲ ಚನ್ನಬಸವಯ್ಯನವರು ಒಬ್ಬರು, ನಿನ್ನ ಯಜಮಾನರು ಗೌರೀಶಂಕರ ಒಬ್ಬರು, ಅವರ ಕಡೆಯವರು ಇನ್ನಿಬ್ಬರು. ಉಳಿದ ಐದು ಜನ ಸೇರಿ ಊರಾಚೆಯ ಹಟ್ಟಿಯ ಚಲುವಯ್ಯನವರನ್ನು ಛೇರ್ಮನ್ ಮಾಡುವುದೆಂದು ಮಾತಾಡಿಕೊಂಡಿದ್ದರು. ಆ ಐವರಲ್ಲಿ ಮೂವರು ನಮ್ಮ ಜಾತಿಯವರೇ. ಅವರಿಗೆ ಚಲುವಯ್ಯನ ಮೇಲೆ ಪ್ರೀತಿ ಉಕ್ಕಿತ್ತೆಂದು ನಾನು ಹೇಳುವುದಿಲ್ಲ. ನಿಮ್ಮ ಮಾವನವರ ದರ್ಬಾರು ಸಾಕಾಗಿತ್ತು, ರೈಲ್ವೆಯಲ್ಲಿ ದುಡಿದು ಬಂದ ಮನುಷ್ಯ ಲೆಕ್ಕ ಸರಿಯಾಗಿ ಇಡುತ್ತಾನೆ ಅಂದುಕೊಂಡರು, ಅಷ್ಟೆ.

ಛೇರ್ಮನ್ ಆರಿಸುವ ಸಭೆ ಬುಧವಾರ ಎಂದು ತಾಲ್ಲೂಕಿನಿಂದ ನೋಟೀಸು ಬಂತು. ಸರ್ಕಾರದ ಕಾಗದ ಏನೇ ಬಂದರೂ ಜವಾನ ಅದನ್ನು ಪಟೇಲರ ಜಗಲಿಯ ಮೇಲೆ ಇಟ್ಟು ಹೋಗುವುದು ನಿಮ್ಮೂರಿನ ರೂಢಿ. ಅಲ್ಲಿಂದಾಚೆ ಊರಿಗೆ ವಿಷಯ ತಿಳಿಯುವುದು ತಮಟೆಯಿಂದ. ಕಂದಾಯ, ಸಿಡುಬಿನ ಚುಚ್ಚುಮದ್ದು, ಎಲ್ಲವೂ ಹಾಗೆಯೇ. ಶಾಲೆಯ ಬಾಗಿಲಿಗೆ ಅಂಟಿಸಿದ ಕಾಗದವನ್ನು ಯಾರೂ ನಿಂತು ಓದುವುದಿಲ್ಲ, ತಮಟೆ ಹೊಡೆದರೆ ಕೈ ತೊಳೆಯದೆ ಓಡಿ ಬರುತ್ತಾರೆ. ತಮಟೆಯವನಿಗೆ ಪಟೇಲರು ಗುರುವಾರ ಎಂದು ಸಾರಲು ಹೇಳಿದರು. ಬುಧವಾರ ಬೆಳಗ್ಗೆ ನಿಮ್ಮವರು ನಾಲ್ವರೇ ಶಾಲೆಯಲ್ಲಿ ಕೂತು ನಿಮ್ಮ ಮಾವನವರನ್ನು ಛೇರ್ಮನ್ ಎಂದು ಆರಿಸಿಕೊಂಡರು. ಬಂದಿದ್ದ ಅಧಿಕಾರಿ ನೋಟೀಸು ಅಂಟಿಸಿದೆ, ಇಷ್ಟು ಜನ ಸಾಕು ಎಂದು ಬರೆದುಕೊಂಡು, ನಿಮ್ಮ ಮನೆಯಲ್ಲಿ ಹೋಳಿಗೆ ಊಟ ಮಾಡಿ ಜೀಪು ಹತ್ತಿದ. ಆ ಹೋಳಿಗೆಗೆ ಹೂರಣ ರುಬ್ಬಿದವಳು ನೀನೇ. ಯಾತಕ್ಕೆ ಎಂದು ನಿನಗೆ ಯಾರೂ ಹೇಳಲಿಲ್ಲ, ನಾನು ನಂಬುತ್ತೇನೆ.

ಗುರುವಾರ ಆ ಐದು ಜನ ಒಗೆದ ಪಂಚೆ ಉಟ್ಟು, ಚಲುವಯ್ಯನಿಗೆಂದು ಕಣಗಿಲೆ ಹಾರ ಕಟ್ಟಿಸಿಕೊಂಡು ಶಾಲೆಗೆ ಬಂದರು. ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದರಂತೆ. ಸಭೆ ನಿನ್ನೆಯೇ ಆಯಿತಲ್ಲ ಎಂದರಂತೆ.

ಇದನ್ನು ನಿಮ್ಮ ಮಾವನವರು ‘ತಮಟೆಯವನು ಕುಡಿದು ತಪ್ಪು ಹೇಳಿದ’ ಅನ್ನುತ್ತಾರೆ. ಆ ಮನುಷ್ಯ ಹುಟ್ಟಿದಾಗಿನಿಂದ ಹೆಂಡ ಮುಟ್ಟಿಲ್ಲ, ಅವನ ಹೆಂಡತಿ ಅದನ್ನು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ. ಚಲುವಯ್ಯ ಹೊಳೆನರಸೀಪುರದಲ್ಲಿ ವಕೀಲರನ್ನು ಹಿಡಿದು ಅರ್ಜಿ ಹಾಕಿದ್ದಾರೆ. ಕೇಸು ಮುಗಿಯುವುದರೊಳಗೆ ನಿನ್ನ ಮಗು ಶಾಲೆಗೆ ಹೋಗುತ್ತದೆ ಎಂದು ವಕೀಲರೇ ಹೇಳಿದರಂತೆ.

ಇದರಲ್ಲಿ ನನ್ನದೇನು ಎಂದು ಕೇಳಿದ್ದೀಯ. ನಾನೂ ಅದನ್ನೇ ಕೇಳಿಕೊಂಡೆ. ನಮ್ಮ ಹೊಸಕೊಪ್ಪಲಿನ ಛೇರ್ಮನ್ನರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಹಾಸನದ ಆಸ್ಪತ್ರೆಯಲ್ಲಿ ಮಲಗದೆ ಹೋಗಿದ್ದರೆ ನನ್ನದೇನೂ ಇರುತ್ತಿರಲಿಲ್ಲ. ಹೆಂಗಸರ ಸೀಟಿನಿಂದ ಬಂದವಳು, ಪೇಪರು ಓದುತ್ತಾಳೆ, ಊರಿಗೊಂದು ಶೋಭೆ ಎಂದು ನನ್ನನ್ನು ವೈಸ್ ಛೇರ್ಮನ್ ಮಾಡಿದ್ದರು. ಶೋಭೆಗೆ ಇಟ್ಟ ಗೊಂಬೆಗೆ ಈಗ ಮೈಮೇಲೆ ಕೆಲಸ ಬಂತು.

ಕಾಲುವೆಯ ಪದ್ಧತಿ ನೀನು ಚಿಕ್ಕವಳಿದ್ದಾಗಿನಿಂದ ನೋಡಿದ್ದೀಯ. ನಾಲ್ಕು ಊರೂ ಸೇರಿ ಹೂಳು ತೆಗೆದ ಮೇಲೆ, ಆರು ಕಟ್ಟದೆ ಎತ್ತುಗಳಿಗೆ ಬಿಡುವು ಕೊಡುವ ಸೋಮವಾರ, ದೊಡ್ಡ ತೂಬಿನ ಹತ್ತಿರ ಕಂಬಳಿ ಹಾಸುತ್ತಾರೆ. ಸರದಿ ಯಾವ ಊರಿನದೋ ಆ ಊರಿನವರು ವೀಳ್ಯ ಮಡಿಸಿ ಒಂದೊಂದು ಊರಿನ ಹಿರಿಯನಿಗೆ ಕೊಡುತ್ತಾರೆ. ವೀಳ್ಯ ತೆಗೆದುಕೊಂಡ ಊರಿನ ತೂಬನ್ನು ನೀರುಗಂಟಿ ಎತ್ತುತ್ತಾನೆ. ತೆಗೆದುಕೊಳ್ಳದ ಊರಿನದನ್ನು ಎತ್ತುವುದಿಲ್ಲ. ಹೋದ ವರ್ಷದವರೆಗೆ ಆಯಾ ಊರಿನ ಪಟೇಲರು ಕೂರುತ್ತಿದ್ದರು. ಪಂಚಾಯಿತಿ ಬಂತಲ್ಲ, ಇನ್ನು ಮೇಲೆ ಛೇರ್ಮನ್ನರೇ ಕೂರಲಿ ಎಂದು ನಾಲ್ಕು ಊರೂ ಒಪ್ಪಿದ್ದವು. ಮೊದಲ ವರ್ಷವೇ ಸರದಿ ನಮ್ಮದು. ಹಾಗಾಗಿ ನಾನು ಯಾರ ಕೈಗೆ ವೀಳ್ಯ ಕೊಡುತ್ತೇನೋ ಅವರು ಅತ್ತಿಮರದಹಳ್ಳಿಯ ಛೇರ್ಮನ್. ಕೋರ್ಟು ಏನು ಹೇಳಿದರೂ ಸುತ್ತಲ ಜನದ ಕಣ್ಣಲ್ಲಿ ಆ ಮಾತು ಅಲ್ಲಿಗೆ ಮುಗಿಯಿತು. ‘ಎರಡು ಎಲೆ, ಒಂದು ಅಡಿಕೆ’ ಅಂದರೆ ಇದು.

ಭಾನುವಾರ ಗದ್ದೆಹಳ್ಳಿಯ ಛೇರ್ಮನ್ ನಂಜಯ್ಯ, ತೊರೆಸಾಲಿನ ಛೇರ್ಮನ್ ದ್ಯಾವಯ್ಯ ಇಬ್ಬರೂ ನಮ್ಮ ಜಗಲಿಗೆ ಬಂದರು. ನೆರೆಯೂರಿನಲ್ಲಿ ಇಂಥದ್ದು ನಡೆದಾಗ ನಾವು ಏನು ಮಾಡಬೇಕು ಎಂದು ಕೇಳಿದೆ. ನಂಜಯ್ಯ ಎಲೆಗೆ ಸುಣ್ಣ ಹಚ್ಚುತ್ತಾ, ‘ಅವ್ರೂರ್ ಇಚಾರ ನಮಗ್ಯಾಕವ್ವ? ಕುರ್ಚಿ ಮ್ಯಾಲೆ ಯಾರು ಕುಂತವ್ನೋ ಅವ್ನಿಗ್ ಕೊಟ್ಟು ಕೈ ತೊಳ್ಕೊ. ಇವತ್ತು ಅವ್ರ ಮನೆ ಮಡಕೆ ಮುಚ್ಚಳ ತೆಗುದ್ರೆ ನಾಳೆ ನಮ್ಮನೇದೂ ತೆಗೀತಾರೆ’ ಅಂದರು. ಅವರ ಮಡಕೆಯಲ್ಲಿ ಏನಿದೆಯೆಂದು ನಾನು ಕೇಳಲಿಲ್ಲ. ಅವರೇ ಹೆದರಿಕೊಂಡರು.

ದ್ಯಾವಯ್ಯ ತೊಡೆ ತಟ್ಟಿ ಎದ್ದ. ‘ನೀರು ಕಟ್ಬುಡಾನ ಕಣವ್ವ! ಒಂದು ವಾರ ಒಟ್ಲು ಸಸಿ ಒಣಗ್ಲಿ, ಆ ಪಟೇಲ ಉಳ್ಳಾಡ್ಕೊಂಡ್ ಬತ್ತಾನೆ. ಪರ್ಜಾಪರ್ಭುತ್ವ ಅಂದ್ರೆ ತಮಾಸೆಯಾ?’ ಅಂದ. ನನಗೂ ಒಂದು ಕ್ಷಣ ಉಮೇದು ಬಂತು. ಆಮೇಲೆ ಯೋಚಿಸಿದೆ. ನಿಮ್ಮೂರ ತೂಬು ಮುಚ್ಚಿದರೆ ಆ ನೀರು ಮುಂದೆ ಹರಿಯುವುದು ತೊರೆಸಾಲಿಗೆ. ನಿಮ್ಮ ಮಾವನವರಿಗೆ ಬಾವಿ ಇದೆ, ಏತ ಇದೆ, ಅವರ ಸಸಿ ಒಣಗುವುದಿಲ್ಲ. ಒಣಗುವುದು ಹಟ್ಟಿಯವರ ತುಂಡು ಗದ್ದೆ. ಮೋಸ ಹೋದವರ ಹೊಟ್ಟೆಯ ಮೇಲೆಯೇ ನಾವು ಹೊಡೆದಂತಾಗುತ್ತದೆ. ಇದನ್ನು ಹೇಳಿದ್ದಕ್ಕೆ ದ್ಯಾವಯ್ಯ, ‘ಅಂಗಾದ್ರೆ ಬೀಗ್ರು ಅಂತ ಬುಟ್ಬುಟ್ರೇನವ್ವ?’ ಎಂದು ಹಲ್ಲು ಕಿರಿದ.

ನನಗೆ ಉರಿದುಹೋಯಿತು. ಬೇಡ, ಹಾಗಾದರೆ ಚಲುವಯ್ಯನವರನ್ನೇ ಕಂಬಳಿಯ ಮೇಲೆ ಕೂರಿಸೋಣವೇ, ನಿಮ್ಮ ಪಕ್ಕದಲ್ಲಿ, ಎಂದೆ. ಪ್ರೇಮ, ನೀನು ಅವರ ಮುಖ ನೋಡಬೇಕಿತ್ತು. ದ್ಯಾವಯ್ಯ ಎದ್ದು ಹೋಗಿ ಎತ್ತಿನ ಹಗ್ಗ ಸರಿಯಿದೆಯೋ ಎಂದು ನೋಡಿ ಬಂದ. ನಂಜಯ್ಯನ ಸುಣ್ಣದ ಡಬ್ಬಿಯ ಮುಚ್ಚಳ ಎಷ್ಟು ಹೊತ್ತಾದರೂ ಹಾಕಲು ಬರಲಿಲ್ಲ. ಒಬ್ಬನಿಗೆ ನಿಮ್ಮ ಮಾವನವರು ಬೇಕು, ಇನ್ನೊಬ್ಬನಿಗೆ ನಿಮ್ಮೂರಿನ ನೀರು ಬೇಕು, ಚಲುವಯ್ಯ ಇಬ್ಬರಿಗೂ ಬೇಡ. ಪೇಪರಿನಲ್ಲಿ ದೊಡ್ಡ ದೊಡ್ಡ ದೇಶಗಳವರು ಪಕ್ಕದ ದೇಶದ ಬಗ್ಗೆ ಹೇಳಿಕೆ ಕೊಡುತ್ತಾರಲ್ಲ, ಇನ್ನು ಮೇಲೆ ಅವುಗಳನ್ನು ನಾನು ನಿಧಾನವಾಗಿ ಓದುತ್ತೇನೆ.

ಒಂದು ಮಾತು ಸರಿಯಾಗಿ ಹೇಳಿಬಿಡುತ್ತೇನೆ. ಚಲುವಯ್ಯ ಛೇರ್ಮನ್ ಎಂದು ನಾನೂ ಹೇಳಲಾರೆ. ಗೆಲ್ಲುತ್ತಿದ್ದರು, ಆದರೆ ಗೆದ್ದಿಲ್ಲ. ಸರಿಯಾದ ಸಭೆಯೇ ನಡೆಯದೆ ಯಾರೂ ಗೆದ್ದಿಲ್ಲ. ಹಾಗಾದರೆ ಊರಿನವರು ನಿಜವಾಗಿ ಆರಿಸಿದ್ದು ಯಾರನ್ನು? ಆ ಒಂಬತ್ತು ಜನರನ್ನು. ಆದ್ದರಿಂದ ಸೋಮವಾರ ಬೆಳಗ್ಗೆ ನಿಮ್ಮೂರಿಗೆಂದು ಒಂದರ ಬದಲು ಒಂಬತ್ತು ವೀಳ್ಯ ಮಡಿಸಿ ತಟ್ಟೆಯಲ್ಲಿ ಇಟ್ಟುಕೊಂಡು ಹೋದೆ.

ತೂಬಿನ ಹತ್ತಿರ ನಾಲ್ಕು ಊರಿನ ಜನ, ಗುದ್ದಲಿ ಹಿಡಿದವರು, ಮಕ್ಕಳನ್ನು ಕಂಕುಳಲ್ಲಿ ಹೊತ್ತವರು ಎಲ್ಲ ಸೇರಿದ್ದರು. ನಿಮ್ಮ ಮಾವನವರು ಜರಿ ಪೇಟ ಸುತ್ತಿಕೊಂಡು ಆಗಲೇ ಕಂಬಳಿಯ ಮಧ್ಯದಲ್ಲಿ ಕೂತಿದ್ದರು. ಗದ್ದೆಹಳ್ಳಿಗೆ ಕೊಟ್ಟೆ, ತೊರೆಸಾಲಿಗೆ ಕೊಟ್ಟೆ. ನಿಮ್ಮೂರಿನ ಸರದಿ ಬಂದಾಗ ಅವರು ಕೈ ಚಾಚಿದರು. ನಾನು ತಟ್ಟೆಯನ್ನು ಕಂಬಳಿಯ ಮೇಲೆ ಇಟ್ಟು, ಅತ್ತಿಮರದಹಳ್ಳಿಯ ಛೇರ್ಮನ್ ಯಾರೆಂದು ಕೋರ್ಟು ಹೇಳಲಿ, ಊರು ಆರಿಸಿದ ಮೆಂಬರು ಒಂಬತ್ತು ಜನ, ಒಬ್ಬೊಬ್ಬರೂ ಬಂದು ಊರಿನ ಪರವಾಗಿ ತೆಗೆದುಕೊಳ್ಳಿ, ಯಾರ ಗದ್ದೆಗೂ ನೀರು ತಪ್ಪುವುದಿಲ್ಲ ಎಂದೆ. ಹಿಂದೆ ನಿಂತವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.

‘ಇದೇನ್ ಬೀಗಿತ್ತಿಯವ್ರೆ, ಛೇರ್ಮನ್ನು ಮೆಂಬ್ರು ಎಲ್ಲಾ ಒಂದೇ ತಟ್ಟೇಲಾ?’ ಎಂದು ನಿಮ್ಮ ಮಾವನವರು ನಗುತ್ತಲೇ ಕೇಳಿದರು. ನೀವೂ ಒಂಬತ್ತರಲ್ಲಿ ಒಬ್ಬರು, ಮೊದಲ ವೀಳ್ಯ ನಿಮಗೇ ಎಂದೆ. ನಾನು ಅವರಿಗೆ ಇಲ್ಲವೆನ್ನಲಿಲ್ಲ, ಅದು ನಿನಗೆ ತಿಳಿದಿರಲಿ. ಅವರೇ ತೆಗೆದುಕೊಳ್ಳಲಿಲ್ಲ. ಬಗ್ಗಿ ನನಗೊಬ್ಬಳಿಗೇ ಏನೋ ಅಂದರು. ಆ ಮಾತು ಇಲ್ಲಿ ಬೇಡ.

ಆ ಐದು ಜನ ಒಬ್ಬೊಬ್ಬರಾಗಿ ಬಂದರು. ಚಲುವಯ್ಯ ಕಂಬಳಿಯ ಅಂಚಿಗೆ ಬಂದು, ರೂಢಿಯ ಹಾಗೆ ನೆಲದ ಮೇಲೆ ಇಡಲಿ ಎಂದು ಕಾದರು. ನಾನು ಕೈಗೇ ಕೊಟ್ಟೆ. ದ್ಯಾವಯ್ಯ ಕೆಮ್ಮಿದ. ಕೆಮ್ಮಿದರೆ ಕೆಮ್ಮಲಿ, ಎಲ್ಲರಿಗೂ ಕೊಟ್ಟ ಹಾಗೆಯೇ ಕೊಟ್ಟೆ. ನಿನ್ನ ಯಜಮಾನರೂ ಎದ್ದು ಬಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ವೀಳ್ಯ ಕೈಗೆತ್ತಿಕೊಂಡೇಬಿಟ್ಟೆ. ಅರ್ಧ ದಾರಿಯಲ್ಲಿ ಅಪ್ಪನ ಮುಖ ನೋಡಿದರು. ಕಾಲಿಗೆ ಮುಳ್ಳು ಚುಚ್ಚಿದವರ ಹಾಗೆ ಬಗ್ಗಿ ಅಂಗಾಲು ನೋಡಿಕೊಂಡು ಅಲ್ಲೇ ನಿಂತರು. ನೀರು ಬಿಡುವವರೆಗೂ ಆ ಮುಳ್ಳು ಸಿಗಲಿಲ್ಲ. ಅಳಿಯಂದಿರ ಬಗ್ಗೆ ಹೀಗೆ ಬರೆಯಬಾರದು. ಒಳ್ಳೆಯವರು, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಬರೆಯದೆ ಇರಲಾರೆ.

ಐದು ಜನ ತೆಗೆದುಕೊಂಡರೆ ಊರು ತೆಗೆದುಕೊಂಡಂತೆ ಎಂದು ನೀರುಗಂಟಿ ತೂಬು ಎತ್ತಿದ. ನಿಮ್ಮೂರಿಗೆ ನೀರು ಹೋಯಿತು. ನಿಮ್ಮ ಮಾವನವರ ಗದ್ದೆಗೂ ಹೋಯಿತು. ಅದಕ್ಕೆ ಯಾರೂ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ಬರುವಾಗ ದ್ಯಾವಯ್ಯ ‘ಸಡ್ಲ ಬುಟ್ಬುಟ್ಟೆ ಕಣವ್ವ’ ಅಂದ, ನಂಜಯ್ಯ ‘ಬೋ ಬಿಗಿ ಮಾಡ್ಬುಟ್ಟೆ ಕಣವ್ವ’ ಅಂದ. ಇಬ್ಬರೂ ಒಂದೇ ಗಾಡಿಯಲ್ಲಿ ಊರಿಗೆ ಹೋದರು.

ಮಂಗಳವಾರ ನಿಮ್ಮ ಮನೆಯ ಆಳು ಬಂದು, ಸೊಸೆಯ ಬಾಣಂತನ ಅತ್ತಿಮರದಹಳ್ಳಿಯಲ್ಲೇ ಆಗುತ್ತದೆ, ತವರಿಗೆ ಕಳಿಸುವುದಿಲ್ಲ, ತಾಯಿಯೂ ಬರುವುದು ಬೇಡ ಎಂದು ಹೇಳಿ ಹೋದ. ಏಳರಲ್ಲಿ ಸೀಮಂತ ಮಾಡಿ ಕಳಿಸಬೇಕಾಗಿದ್ದವರು ಕಳಿಸಲಿಲ್ಲ, ಈಗ ಒಂಬತ್ತು ತುಂಬುತ್ತಿದೆ. ಚೊಚ್ಚಲು. ಅಲ್ಲಿ ನಿನ್ನ ಅತ್ತೆಯವರಿಲ್ಲ, ಹೆಂಗಸರೆಂದರೆ ನೀನೊಬ್ಬಳೇ. ನೋವು ಬಂದರೆ ಯಾರನ್ನು ಕೂಗುತ್ತೀಯ? ಕಾಲು ಊದಿದೆ ಎಂದು ಕಾಗದದ ಕೊನೆಯಲ್ಲಿ ಸಣ್ಣಗೆ ಬರೆದಿದ್ದೀಯ. ಅದನ್ನು ಮೊದಲ ಸಾಲಿನಲ್ಲಿ ಬರೆಯಬಾರದೇ? ಉಪ್ಪು ಕಮ್ಮಿ ಮಾಡು. ಅಟ್ಟ ಹತ್ತಬೇಡ. ತುಂಬಿದ ಕೊಡ ಎತ್ತಬೇಡ. ಬೇಕಾದರೆ ಛೇರ್ಮನ್ನರು ಎತ್ತಲಿ.

ನಿನ್ನ ಪ್ರಶ್ನೆಗೆ ಇಷ್ಟೇ ಹೇಳುತ್ತೇನೆ. ನಾನು ಅವರಿಗೆ ವೀಳ್ಯ ಕೊಟ್ಟಿದ್ದರೆ ನೀನು ಈ ಹೊತ್ತಿಗೆ ನಮ್ಮ ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಕೂತಿರುತ್ತಿದ್ದೆ. ಮುಂದಿನ ವರ್ಷ ಅವರಿಗೆ ಇನ್ನೇನೋ ಬೇಕಾದಾಗ ನಿನ್ನನ್ನೋ ಮಗುವನ್ನೋ ಮತ್ತೆ ಹಿಡಿದಿಟ್ಟುಕೊಳ್ಳುತ್ತಿದ್ದರು. ಹಿಡಿದಿಟ್ಟರೆ ಸಿಗುತ್ತದೆ ಎಂದು ಗೊತ್ತಾಗಿಬಿಟ್ಟಿರುತ್ತಿತ್ತು. ಇದು ನಿನಗೆ ಸಮಾಧಾನ ಕೊಡುವ ಮಾತಲ್ಲ, ನನಗೂ ಕೊಟ್ಟಿಲ್ಲ. ನಿಜವಾದ್ದರಿಂದ ಬರೆದೆ.

ಈಗ ಮುಂದಿನದು. ಬರುವ ಭಾನುವಾರ ಬೆಳಗ್ಗೆ ನಾನೇ ಗಾಡಿ ಕಟ್ಟಿಸಿಕೊಂಡು ಬರುತ್ತೇನೆ. ನಿಮ್ಮ ಬೀದಿಗೆ ನನ್ನನ್ನು ಬಿಡುವುದಿಲ್ಲ. ನಮ್ಮವರ ಮನೆಗಳ ಮುಂದೆ ನಿಲ್ಲಿಸೋಣವೆಂದು ಕೇಳಿ ಕಳಿಸಿದೆ. ಆ ಮೂವರು ಮೆಂಬರುಗಳೂ, ‘ವೀಳ್ಯ ತಗೊಂಡಿದ್ದೇ ದೊಡ್ಡದಾಗಿದೆ, ಇನ್ನು ಗಾಡಿ ಬೇರೆ ಬೇಡ’ ಎಂದು ಹೇಳಿ ಕಳಿಸಿದರು. ಚಲುವಯ್ಯನವರ ಹೆಂಡತಿ ಬೆಟ್ಟಮ್ಮ ಒಬ್ಬಳೇ ನಮ್ಮ ಬಾಗಿಲಲ್ಲಿ ನಿಲ್ಲಿಸಿ ಅಂದಳು. ಜನ ಏನಾದರೂ ಅಂದಾರು, ನಿಮಗೆ ತೊಂದರೆ ಎಂದೆ. ‘ನಿಮ್ ಗಾಡಿ ನಮ್ ಬಾಗ್ಲಲ್ಲಿ ನಿಂತ್ರೆ ಮಡಿ ಯಾರ್ದು ಓಯ್ತದವ್ವ, ಎತ್ತಿಂದಾ, ಗಾಡೀದಾ?’ ಎಂದು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೋಮವಾರದಿಂದ ನಾನೂ ನಕ್ಕಿದ್ದು ಆಗಲೇ.

ಆದ್ದರಿಂದ ಗಾಡಿ ಹಟ್ಟಿಯಲ್ಲಿ, ಚಲುವಯ್ಯನವರ ಬಾಗಿಲಲ್ಲಿ ನಿಂತಿರುತ್ತದೆ. ಹುಲ್ಲು ಹಾಸಿ ಮೇಲೆ ಎರಡು ಕೌದಿ ಹಾಕಿಸಿರುತ್ತೇನೆ. ನಿಮ್ಮ ಮನೆಯಿಂದ ಅಲ್ಲಿಗೆ ನೀನು ನಡೆದು ಬರಬೇಕು, ಹಗಲಿನಲ್ಲಿ, ಎಲ್ಲರೂ ನೋಡುವ ಹಾಗೆ. ಕದ್ದು ಬರುವುದು ಬೇಡ, ನೀನೇನೂ ಕದ್ದಿಲ್ಲ. ಬಂದರೆ ಆ ಮನೆಯ ಬಾಗಿಲು ಮತ್ತೆ ಯಾವಾಗ ತೆರೆಯುತ್ತದೋ ನಾನು ಹೇಳಲಾರೆ. ಅದು ನಿನ್ನ ಮನೆ, ನಿನ್ನ ಗಂಡ. ನಿನ್ನ ಯಜಮಾನರಿಗೆ ಹೇಳಿಯೇ ಬಾ. ಅವರ ಕಾಲಿನ ಮುಳ್ಳು ಅಷ್ಟರೊಳಗೆ ಸಿಕ್ಕಿದ್ದರೆ ಜೊತೆಯಲ್ಲಿ ಕರೆದುಕೊಂಡು ಬಾ, ನಾನು ನಾಲ್ಕು ಮಾತು ಬೈದರೂ ಊಟ ಹಾಕುತ್ತೇನೆ. ನೀನು ಬರದಿದ್ದರೆ ನನಗೆ ಕೋಪ ಬರುತ್ತದೆ, ಬರುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕೋಪ ಮಾಡಿಕೊಂಡೇ ಹೊತ್ತು ಮುಳುಗುವವರೆಗೂ ಅಲ್ಲಿ ಕೂತಿರುತ್ತೇನೆ. ನೋವು ಕಾಣಿಸಿಕೊಂಡರೆ ಭಾನುವಾರಕ್ಕೆ ಕಾಯಬೇಡ, ಬೆಟ್ಟಮ್ಮನಿಗೆ ಹೇಳಿ ಕಳಿಸು. ಯಾರು ಬೇಡವೆಂದರೂ ಬರುತ್ತೇನೆ.

ಇತಿ,
ನಿನ್ನ ಮೇಲೆ, ನನ್ನ ಮೇಲೆ, ನಾಲ್ಕು ಊರಿನ ಮೇಲೂ ಬೇಸರಗೊಂಡಿರುವ
ನಿನ್ನ ಅವ್ವ
ದಾಕ್ಷಾಯಣಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದು ಬಿಟ್ಟಿದ್ದೆ. ಕಾಗದ ಮಡಿಸಲು ಕೈ ಬರಲಿಲ್ಲ. ಸೋಮವಾರ ತಟ್ಟೆಯಲ್ಲಿ ಒಂಬತ್ತು ವೀಳ್ಯ ಇದ್ದವು. ನನ್ನ ಸೆರಗಿನ ಗಂಟಿನಲ್ಲಿ ಇನ್ನೂ ಒಂದಿತ್ತು. ಬಟ್ಟಲಡಿಕೆ ಹಾಕಿ, ಲವಂಗ ಚುಚ್ಚಿ, ಛೇರ್ಮನ್ನರಿಗೆ ಕೊಡುವಂಥದ್ದು. ನಿನಗೆ ಒಂಬತ್ತು ತುಂಬುತ್ತಿರುವುದು ನೆನೆಸಿಕೊಂಡು ಬೆಳಗ್ಗೆ ಅದನ್ನೂ ಮಡಿಸಿದ್ದೆ. ನಿಮ್ಮ ಮಾವನವರು ಬಗ್ಗಿ ಅಂದದ್ದು, ‘ಈಗ್ ಕೊಡಿ, ಸಾಯಂಕಾಲ್ದೊಳ್ಗೆ ಮಗಳು ನಿಮ್ ಮನೇಲಿರ್ತಾಳೆ’ ಎಂದು. ನಾನು ಗಂಟು ಬಿಚ್ಚಿದೆ ಪ್ರೇಮ. ಹತ್ತಿರ ನಿಂತಿದ್ದ ಚಲುವಯ್ಯ ಅದನ್ನು ನೋಡಿದರು. ಕೂಗಾಡುತ್ತಾರೆ ಅಂದುಕೊಂಡೆ. ಮೆಲ್ಲಗೆ, ‘ಕೊಟ್ಬುಡಿ ಅವ್ವಾರೆ. ನಮ್ದು ಎಂಗೂ ಕೋರ್ಟಲ್ಲಿ ಓಯ್ತದೆ. ತುಂಬಿದ್ ಎಣ್ಮಗ ಅಲ್ಲಿ ಒಬ್ಳೇ ಅವ್ಳೆ’ ಅಂದರು. ಅವರು ಹಾಗೆ ಅಂದ ಮೇಲೆ ನನಗೆ ಕೊಡಲು ಆಗಲಿಲ್ಲ. ಬೈದಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ಹಿಡಿದಿಟ್ಟರೆ ಸಿಗುತ್ತದೆ ಎಂದು ಮೇಲೆ ಬರೆದ ನ್ಯಾಯವೆಲ್ಲ ಆಮೇಲೆ ಮನೆಗೆ ಬಂದು ಯೋಚಿಸಿದ್ದು. ಇದಕ್ಕಾಗಿ ನೀನು ನನ್ನನ್ನು ಬೈಯಬೇಕೆಂದಿದ್ದರೆ ಭಾನುವಾರ ಗಾಡಿಯಲ್ಲಿ ಕೂತು ಬೈ. ಎತ್ತುಗಳನ್ನು ನಿಧಾನವಾಗಿ ಹೊಡೆಯಲು ಹೇಳಿರುತ್ತೇನೆ.